ಖಾಲಿ ಬಿಟ್ಟ ತೂತುಗಳು

ಸೊಂಟದಿಂದ ಕೆಳಗೆ ಮರಗಟ್ಟಿದೆ, ಕಿವಿ ಮಾತ್ರ ಎಚ್ಚರ.
ಹಸಿರು ಪರದೆಯಾಚೆಯಿಂದ ಮರಿಗಂಗಯ್ಯ ಕೇಳುತ್ತಾನೆ:
"ಯಾವ ಮೆಟೀರಿಯಲ್ಲು ಮೇಡಂ,
ಸ್ಟೀಲೋ, ಟೈಟೇನಿಯಮ್ಮೋ?"

ಪೀಣ್ಯ ಎರಡನೇ ಹಂತದಲ್ಲಿ
ಇಪ್ಪತ್ತಾರು ವರ್ಷ ಲೇತಿನ ಮುಂದೆ ನಿಂತ ಕಾಲು.
ನೈಟ್ ಶಿಫ್ಟ್ ಮುಗಿಸಿ ಬರುವಾಗ
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ
ಯಾವುದೋ ಲಾರಿ ಚೆಲ್ಲಿ ಹೋದ ಜಲ್ಲಿಪುಡಿಯ ಮೇಲೆ ಗಾಡಿ ಜಾರಿ,
ಮಂಡಿಯಿಂದ ನಾಲ್ಕು ಬೆರಳು ಮೇಲೆ
ತೊಡೆಮೂಳೆ ಮೂರು ತುಂಡು.
ಎಕ್ಸ್‌ರೇ ನೋಡಿ ಅವನೇ ಅಂದಿದ್ದ: "ಶಾಫ್ಟೇ ಹೋಗಿದೆ."

ನಾನು ಎಣಿಸುವವಳು.
ಟ್ರೇಯಲ್ಲಿ ಎಷ್ಟು ಸ್ಕ್ರೂ ಬಂದವು, ಎಷ್ಟು ಒಳಗೆ ಹೋದವು,
ಎಷ್ಟು ಬಟ್ಟೆ ರಕ್ತ ಕುಡಿದು ಬಕೆಟ್ಟಿಗೆ ಬಿದ್ದವು.
ಹನ್ನೊಂದು ವರ್ಷವಾಯಿತು;
ಮನೆಯಲ್ಲಿ ಚಪಾತಿ ಉಂಡೆಯನ್ನೂ ಎರಡು ಸಲ ಎಣಿಸುತ್ತೇನೆ.

ಡಾಕ್ಟರ್ ತಬಸ್ಸುಮ್ ಕೊಯ್ಯುವುದು
ತೊಡೆಯ ಹೊರಮಗ್ಗುಲಲ್ಲಿ ಅಂಗೈಯಗಲ, ಅಷ್ಟೆ.
ಮೂಳೆಯನ್ನೆಲ್ಲ ಬಿಚ್ಚಿ ನೋಡುವ ಆಸೆ ಬೇಡ,
ಅನ್ನುತ್ತಾರೆ ಹೊಸ ಹುಡುಗನಿಗೆ,
ನೋಡಿದಷ್ಟೂ ಅದರ ರಕ್ತ ಕೆಡುತ್ತೆ.
ತುಂಡುಗಳು ಮಾಂಸದ ಕತ್ತಲಲ್ಲೇ ಇರಲಿ.
ಉದ್ದ ಸರಿಬರಲಿ, ಪಾದ ತಿರುಚದಿರಲಿ.
ಮಂಡಿಯಡಿ ಸುತ್ತಿಟ್ಟ ಟವಲ್ಲು;
ಹುಡುಗ ಹಿಮ್ಮಡಿ ಹಿಡಿದು ಜಗ್ಗುತ್ತಾನೆ.
ಸ್ನಾಯುವಿನ ಕೆಳಗೆ ಪ್ಲೇಟು ಜಾರುತ್ತದೆ,
ಬಾಗಿಲ ಸಂದಿಯಿಂದ ಒಳಗೆ ತಳ್ಳಿದ ಬೆಳಗಿನ ಪೇಪರು.

ಸಿ-ಆರ್ಮ್ ಒಮ್ಮೆ ಕಣ್ಣು ಬಿಟ್ಟು ಮುಚ್ಚುತ್ತದೆ.
ಸ್ವಲ್ಪ ಹಿಂದೆ.
ಇನ್ನೂ ಸ್ವಲ್ಪ.
ಹ್ಞಾಂ.

ಈ ಸ್ಕ್ರೂವಿಗೆ ತಲೆಯಲ್ಲೂ ಥ್ರೆಡ್ಡು, ಪ್ಲೇಟಿನ ತೂತಿಗೂ ಥ್ರೆಡ್ಡು.
ಹಳೆಯ ಪ್ಲೇಟು ಮೂಳೆಯನ್ನು ಅವುಚಿ ಹಿಡಿಯುತ್ತಿತ್ತು,
ಉಸಿರುಗಟ್ಟುವಷ್ಟು.
ಇದು ತನ್ನ ಸ್ಕ್ರೂಗಳನ್ನೇ ಕಚ್ಚಿಕೊಂಡು
ಮೂಳೆಗೆ ಅಂಟದೆ, ಅದನ್ನು ಬಿಟ್ಟೂ ಕೊಡದೆ
ಪಕ್ಕದಲ್ಲಿ ನಿಲ್ಲುತ್ತದೆ.
ಕೊಳವೆ ನೆಟ್ಟಗೆ ಕೂರಿಸದಿದ್ದರೆ ಮಾತ್ರ...
"ಕ್ರಾಸ್ ಥ್ರೆಡ್ಡು!" ಪರದೆಯಾಚೆಯಿಂದ.
"ಆಮೇಲೆ ಅಪ್ಪನಾಣೆಗೂ ಬಿಚ್ಚಕ್ಕಾಗಲ್ಲ."

ಡ್ರಿಲ್ ಹಾಡತೊಡಗಿತು.
ಅವನು ತಡೆಯಲಾರದೆ: "ಬಿಟ್ಟು ಬಿಟ್ಟು ಕೊರೀರಿ ಮೇಡಂ,
ಒಂದೇ ಸಮ ಒತ್ತಿದ್ರೆ ಬಿಟ್ಟು ನೀಲಿಗಟ್ಟುತ್ತೆ."
ಡಾಕ್ಟರ ಕೈ ನಿಂತಿತು.
ಮಾಸ್ಕಿನ ಮೇಲೆ ಕಣ್ಣು ಕಿರಿದಾದವು.
"ಇಲ್ಲಿ ಬಿಟ್ಟಲ್ಲ ಮರಿಗಂಗಯ್ಯ, ಮೂಳೆ ಸಾಯುತ್ತೆ.
ಅದಕ್ಕೇ ನೀರು ಹಾಕ್ತಿದ್ದಾರೆ, ನೋಡಿ."
ಅವನಿಗೆ ಕಾಣದು. ನಾನು ಸಲೈನು ಹನಿಸುತ್ತಲೇ ಇದ್ದೆ.
"ನಮ್ಮ ಕೂಲೆಂಟು ಹಾಲಿನ ಬಣ್ಣ," ಅಂದ,
ಊರಿನ ಸುದ್ದಿ ಹೇಳುವವನ ಹಾಗೆ.

ಎಪ್ಪತ್ತೈದು.
ಎಪ್ಪತ್ತು.
ಮತ್ತೆ ಎಪ್ಪತ್ತು.
ಮೇಲಿನ ತುಂಡಿಗೆ ಮೂವತ್ತೆಂಟು, ಮೂವತ್ತಾರು.
ಬಿಗಿ ಸಾಕಾದಾಗ ತಿರುಪುಳಿ ತಾನೇ "ಟಕ್" ಅನ್ನುತ್ತದೆ.
ಪ್ರತಿ ಟಕ್ಕಿಗೂ ಆಚೆಯಿಂದ ಮೆಲ್ಲಗೆ ಒಂದು ಸಂಖ್ಯೆ.
ಒಂಬತ್ತಕ್ಕೆ ಇಬ್ಬರೂ ನಿಂತೆವು.
ಲೆಕ್ಕ ತಾಳೆಯಾಯಿತು.

ಆರು ವಾರದ ಮೇಲೆ ವಾಕರ್ ದೂಡುತ್ತ ಬಂದ,
ಫಿಲ್ಮನ್ನು ಓಪಿಡಿ ಕಿಟಕಿಗೆ ಹಿಡಿದು ನಿಂತ.
ಆಚೆ ಯಶವಂತಪುರದ ಫ್ಲೈಓವರು,
ಈಚೆ ಬಿಳಿ ಪ್ಲೇಟಿನ ನಡುವೆ ನಾಲ್ಕು ಕಪ್ಪು ತೂತು.
"ಸ್ಕ್ರೂ ಸಾಲದೇ ಬಂದ್ವಾ ಮೇಡಂ?
ನಾವು ಹಿಂಗೆ ಫ್ಲೇಂಜ್ ಕಳಿಸಿದ್ರೆ
ಇನ್‌ಸ್ಪೆಕ್ಷನ್ನಿನವನು ಮುಖಕ್ಕೆ ಎಸೀತಾನೆ."

"ಎಲ್ಲ ತುಂಬಿದ್ರೆ ಮೂಳೆಗೆ ಕೆಲಸ ಇರಲ್ಲ, ಸುಮ್ಮನಾಗಿಬಿಡುತ್ತೆ.
ಮುರಿದ ಜಾಗ ಚೂರು ಅಲ್ಲಾಡಬೇಕು.
ಕೂದಲಷ್ಟು."

ಕೂದಲಷ್ಟು ಎಂದರೆ ಎಷ್ಟೆಂದು ಮೈಕ್ರಾನಿನಲ್ಲಿ ಬಲ್ಲವನು
ಏನೂ ಅನ್ನಲಿಲ್ಲ.
ತೂತುಗಳ ಪಕ್ಕ, ಬಿರುಕಿನ ಸುತ್ತ
ಉಸಿರು ತಾಗಿದ ಗಾಜಿನಂತೆ ಒಂದು ಮಸುಕು.
ಅದನ್ನು ಉಗುರಿನಿಂದ ಕೆರೆದು ನೋಡಿದ,
ಫಿಲ್ಮಿನ ಕೊಳೆಯಲ್ಲ ಎಂದು ಖಾತ್ರಿ ಮಾಡಿಕೊಳ್ಳಲು.

ಖಾಲಿ ತೂತಿಗೆ ನನ್ನ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.

ತೂಕದ ಯಂತ್ರ ನೆಲಕ್ಕಿಟ್ಟೆ:
ಆ ಕಾಲಿಟ್ಟು ಮೆಲ್ಲಗೆ ಒತ್ತಿ, ಮುಳ್ಳು ಹದಿನೈದಕ್ಕೆ ಬಂದಾಗ ನಿಲ್ಲಿಸಿ,
ಆ ಭಾರ ಕಾಲಿಗೆ ನೆನಪಿರಬೇಕು.
ವಾಕರ್ ಹಿಡಿದ ಬೆರಳು ಬೆಳ್ಳಗಾದವು.
ಪಾದ ಎತ್ತಿದ. ಇಡಲಿಲ್ಲ. ಬಗ್ಗಿ ನೋಡಿದ.

"ಸಿಸ್ಟರ್, ಮುಳ್ಳು ಎರಡರ ಮೇಲೆ ನಿಂತಿದೆ.
ಮೊದಲು ಸೊನ್ನೆಗೆ ತನ್ನಿ."